ಕುರ್ಚಿ ತೆಗೆದಿಟ್ಟ ಹೋಟೆಲ್ಲು

ಬೆಂಗಳೂರಿನ ಹೋಟೆಲ್ ಲೋಕದಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ಆದ ದೊಡ್ಡ ಬದಲಾವಣೆ ಯಾವುದು ಎಂದು ಕೇಳಿದರೆ ಪಿಜ್ಜಾ ಬಂತು, ಮಾಲ್ ಬಂತು, ಮನೆಗೆ ತಂದುಕೊಡುವ ಆಪ್ ಬಂತು ಎಂದು ಹೇಳುವವರಿದ್ದಾರೆ. ನನ್ನ ಮಟ್ಟಿಗೆ ಆ ಬದಲಾವಣೆ ಆಗಿದ್ದು 1983ರಲ್ಲಿ, ಜಯನಗರದಲ್ಲಿ. ಆರ್. ಪ್ರಭಾಕರ್ ಅವರು ಅಲ್ಲಿ ತೆರೆದ ಕೆಫೆ ದರ್ಶಿನಿಯಲ್ಲಿ ಇಡ್ಲಿ ಇತ್ತು, ವಡೆ ಇತ್ತು, ದೋಸೆ ಇತ್ತು, ಕಾಫಿಯೂ ಇತ್ತು. ಕುರ್ಚಿ ಇರಲಿಲ್ಲ. ದುಡ್ಡು ಮೊದಲು ಕೊಡಬೇಕು, ತಟ್ಟೆ ತಾನೇ ತಂದುಕೊಳ್ಳಬೇಕು, ಎದೆಮಟ್ಟದ ಟೇಬಲ್ಲಿನ ಮುಂದೆ ನಿಂತು ತಿನ್ನಬೇಕು. ಊರಿನ ಮರ್ಯಾದಸ್ಥರು ಕೈಯಲ್ಲಿ ತಟ್ಟೆ ಹಿಡಿದು ನಿಂತು ತಿಂದಾರೆಯೇ ಎಂಬ ಅನುಮಾನ ಯಾರಿಗಾದರೂ ಇದ್ದಿದ್ದರೆ ಅದು ಹೆಚ್ಚು ದಿನ ಉಳಿಯಲಿಲ್ಲ. ಪ್ರಭಾಕರ್ ಬೇರೆಯವರಿಗೂ ಇಂಥದೇ ಹೋಟೆಲ್ ಹಾಕಿಕೊಳ್ಳಲು ನೆರವಾದರು. ಈಗ ಊರಿನ ಯಾವ ಬಡಾವಣೆಗೆ ಹೋದರೂ ಒಂದು ದರ್ಶಿನಿ ಇದ್ದೇ ಇರುತ್ತದೆ. ಹೆಸರು ಸಾಗರ್ ಎಂದಿರಬಹುದು, ಉಪಾಹಾರ ಎಂದಿರಬಹುದು, ಯಾವುದೋ ದೇವರದ್ದೂ ಇರಬಹುದು.

ದರ್ಶಿನಿಯ ಅಗ್ಗದ ಬೆಲೆಯ ಗುಟ್ಟನ್ನು ಜನ ಅಡುಗೆಮನೆಯಲ್ಲಿ ಹುಡುಕುತ್ತಾರೆ: ಎಣ್ಣೆ ಯಾವುದು, ಅಕ್ಕಿ ಯಾವುದು, ಸಾಂಬಾರಿಗೆ ನೀರೆಷ್ಟು ಎಂದು. ಗುಟ್ಟು ಅಡುಗೆಮನೆಯಲ್ಲಿಲ್ಲ, ನೆಲದಲ್ಲಿದೆ. ಅಂದಾಜಿಗೆ ಒಂದು ಲೆಕ್ಕ ಹಾಕಿ ನೋಡಿ. ನಾಲ್ಕು ಕುರ್ಚಿಯ ಒಂದು ಟೇಬಲ್ಲು, ಸಪ್ಲೈಯರ್ ಓಡಾಡುವ ದಾರಿಯೂ ಸೇರಿ ಹಿಡಿಯುವಷ್ಟು ಜಾಗದಲ್ಲಿ ಎಂಟು ಮಂದಿ ಆರಾಮಾಗಿ ನಿಲ್ಲಬಹುದು. ಕೂತವರು ತಿಂಡಿ, ಕಾಫಿ, ಮಾತುಕತೆ ಎಂದು ಅರ್ಧ ಗಂಟೆ ಏಳುವುದಿಲ್ಲ. ನಿಂತವರು ಹತ್ತು ನಿಮಿಷಕ್ಕೆ ಕೈ ತೊಳೆಯುತ್ತಾರೆ. ಅಲ್ಲಿಗೆ ಅದೇ ನೆಲದ ಮೇಲೆ ಕೂತು ತಿಂದು ಹೋಗುವವರು ಗಂಟೆಗೆ ಎಂಟು ಮಂದಿ, ನಿಂತು ತಿಂದು ಹೋಗುವವರು ನಲವತ್ತೆಂಟು. ಬಾಡಿಗೆ ಎರಡಕ್ಕೂ ಒಂದೇ. ಸಪ್ಲೈಯರ್ ಸಂಬಳ, ಬಿಲ್ಲು ಬರೆಯುವವನ ಸಂಬಳ ಉಳಿದದ್ದು ಬೇರೆ. ನಗರದ ಹಲವು ಹೋಟೆಲ್ಲುಗಳಲ್ಲಿ ಕೆಳಗೆ ಸೆಲ್ಫ್ ಸರ್ವಿಸ್, ಮೇಲೆ ಎಸಿ ಹಾಲ್ ಇರುತ್ತದಲ್ಲ, ಅಲ್ಲಿ ಎರಡೂ ಕಡೆಯ ದರಪಟ್ಟಿ ಇಟ್ಟುಕೊಂಡು ಮಸಾಲೆ ದೋಸೆಯ ಬೆಲೆ ಹೋಲಿಸಿ. ದೋಸೆ ಒಂದೇ ಕಾವಲಿಯಿಂದ ಎದ್ದದ್ದು. ನಡುವಿನ ವ್ಯತ್ಯಾಸದ ಬಹುಪಾಲು ನೀವು ಕೂತ ಜಾಗಕ್ಕೆ ಕೊಟ್ಟ ಬಾಡಿಗೆ.

ಇದಕ್ಕೆ ಮೊದಲು ಹೋಟೆಲ್ ಎಂದರೆ ಕೂರುವ ಜಾಗವೇ. 1924ರಲ್ಲಿ ಪರಮೇಶ್ವರ ಮಯ್ಯರು ಮತ್ತು ಸಹೋದರರು ಬ್ರಾಹ್ಮಣ ಕಾಫಿ ಕ್ಲಬ್ ಎಂದು ಶುರುಮಾಡಿದ್ದು ಮುಂದೆ ಮಾವಳ್ಳಿ ಟಿಫಿನ್ ರೂಮ್ ಆಗಿ, ಎಂಟಿಆರ್ ಆಗಿ ಲಾಲ್‌ಬಾಗ್ ರಸ್ತೆಯಲ್ಲಿ ನೆಲೆನಿಂತಿತು. 1943ರಲ್ಲಿ ಗಾಂಧಿಬಜಾರಿನಲ್ಲಿ ವಿದ್ಯಾರ್ಥಿ ಭವನ ಶುರುವಾಯಿತು. ಈ ಎರಡೂ ಕಡೆ ಇವತ್ತಿಗೂ ಕೂತೇ ತಿನ್ನಬೇಕು. ಹಾಗೆಂದು ಕುರ್ಚಿ ಸಿಕ್ಕವನಿಗೆ ನೆಮ್ಮದಿ ಇದೆ ಎಂದುಕೊಳ್ಳಬೇಡಿ. ಭಾನುವಾರ ಬೆಳಿಗ್ಗೆ ವಿದ್ಯಾರ್ಥಿ ಭವನದ ಬಾಗಿಲಲ್ಲಿ ಹೆಸರು ಬರೆಸಿ ಕಾದು ಒಳಗೆ ಹೋದರೆ, ಎದುರಿಗೆ ಪರಿಚಯವಿಲ್ಲದ ಕುಟುಂಬ ಕೂತಿರುತ್ತದೆ. ಮೊಣಕೈವರೆಗೆ ದೋಸೆ ತಟ್ಟೆ ಪೇರಿಸಿಕೊಂಡು ಬಂದ ಸಪ್ಲೈಯರ್ ಮೇಲಿನಿಂದ ಒಂದೊಂದೇ ತೆಗೆದು ಇಟ್ಟು ಹೋಗುತ್ತಾರೆ. ಕಾಫಿಯ ಕೊನೆಯ ಗುಟುಕು ಇಳಿಯುವ ಮೊದಲೇ ಕಣ್ಣುಗಳೆಲ್ಲ ನಿಮ್ಮ ಕುರ್ಚಿಯ ಮೇಲೆ. ಕೂರಿಸುವ ಹೋಟೆಲ್ಲಿಗೂ ಏಳಿಸುವ ಅವಸರ ಇದ್ದೇ ಇತ್ತು, ಆದರೆ ಬಾಯಿಬಿಟ್ಟು ಹೇಳಲಾರದು. ದರ್ಶಿನಿ ಆ ಸಂಕೋಚವನ್ನು ಬಿಟ್ಟಿತು, ಅಷ್ಟೆ.

ಕುರ್ಚಿ ಹೋದ ಮೇಲೆ ಉಳಿದದ್ದೆಲ್ಲ ಅದರ ಹಿಂದೆಯೇ ಬದಲಾಯಿತು. ಮೊದಲು ಬದಲಾದದ್ದು ಮೆನು. ಗಲ್ಲಾದಲ್ಲಿ ಟೋಕನ್ ತೆಗೆದುಕೊಂಡವನು ನಾಲ್ಕು ಹೆಜ್ಜೆ ನಡೆದು ಕೌಂಟರ್ ಮುಟ್ಟುವಷ್ಟರಲ್ಲಿ ತಿಂಡಿ ಸಿದ್ಧವಿರಬೇಕು. ಹಾಗಾಗಿ ಮುಂಚೆಯೇ ಮಾಡಿಟ್ಟು ಬಿಸಿಯಾಗಿ ಇಡಬಹುದಾದ ತಿಂಡಿಗಳಿಗೆ ಮೊದಲ ಮಣೆ: ಇಡ್ಲಿ, ಖಾರಾಬಾತ್, ಕೇಸರಿಬಾತ್, ಎರಡನ್ನೂ ಒಂದೇ ತಟ್ಟೆಗೆ ಮಗುಚಿದ ಚೌಚೌಬಾತ್, ಆಮೇಲೆ ರೈಸ್‌ಬಾತ್. ವಡೆ ಒಂದು ಒಬ್ಬೆ ಬಾಣಲೆಯಿಂದ ಎದ್ದರೆ ಹತ್ತು ನಿಮಿಷಕ್ಕೆ ಖಾಲಿ, ಅಷ್ಟರಲ್ಲಿ ಇನ್ನೊಂದು ಒಬ್ಬೆ. ಈ ತರ್ಕವನ್ನು ತುದಿಮುಟ್ಟಿಸಿದ್ದು ದರ್ಶಿನಿ ಹುಟ್ಟುವುದಕ್ಕೂ ಮೊದಲೇ, 1965ರಲ್ಲಿ ಶಂಕರಪುರದಲ್ಲಿ ಶುರುವಾದ ಬ್ರಾಹ್ಮಿನ್ಸ್ ಕಾಫಿ ಬಾರ್. ಅಲ್ಲಿ ದೋಸೆಯಿಲ್ಲ, ಸಾಂಬಾರಿಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅದರ ಮೇಲೆ ಎಷ್ಟು ಕೇಳಿದರೂ ಹಾಕುವ ಚಟ್ನಿ. ಸಾಂಬಾರ್ ಬಿಟ್ಟಿದ್ದು ರುಚಿಯ ಹಠ ಎನ್ನುವವರಿದ್ದಾರೆ, ಇರಬಹುದು. ಆದರೆ ಸಾಂಬಾರ್ ಇಲ್ಲದಿದ್ದರೆ ಬಟ್ಟಲಿಲ್ಲ, ತೊಳೆಯುವ ಪಾತ್ರೆ ಅರ್ಧ, ‘ಡಿಪ್ಪಾ, ಸಪರೇಟಾ?’ ಎಂಬ ಪ್ರಶ್ನೆಯೂ ಇಲ್ಲ. ಸಾಲು ಸರಸರ ಸಾಗುತ್ತದೆ.

ಈ ಇಡೀ ಓಟಕ್ಕೆ ಅಡ್ಡ ನಿಲ್ಲುವುದು ದೋಸೆ. ದೋಸೆಯನ್ನು ಮಾಡಿಟ್ಟು ಮಾರಲಾಗದು. ದರ್ಶಿನಿಯಲ್ಲಿ ಅಡುಗೆಮನೆ ಕಣ್ಣೆದುರಿಗೇ ಇರುವುದರಿಂದ ಕಾಯುವ ಹೊತ್ತಿನಲ್ಲಿ ಭಟ್ಟರ ಕೈ ನೋಡಬಹುದು. ಕಾವಲಿ ಮೇಜಿನಷ್ಟು ಅಗಲ. ಒಂದು ಚೊಂಬು ನೀರು ಎರಚುತ್ತಾರೆ, ಅದು ಚುಂಯ್ ಎಂದು ಹಾರುವ ಮೊದಲೇ ತೆಂಗಿನ ಕಡ್ಡಿಯ ಪೊರಕೆಯಿಂದ ಗುಡಿಸುತ್ತಾರೆ. ನೀರು ಎರಚುವುದು ಕಾವಲಿ ತೊಳೆಯುವುದಕ್ಕಿಂತ ಹೆಚ್ಚಾಗಿ ಕಾವು ಇಳಿಸುವುದಕ್ಕೆ. ಕಾವು ಜಾಸ್ತಿಯಿದ್ದರೆ ಹಿಟ್ಟು ಹರಡುವ ಮೊದಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಬಟ್ಟಲಿನ ತಳದಿಂದ ಸುತ್ತಿ ಸುತ್ತಿ ಒಂದೇ ಉಸಿರಿಗೆ ಹತ್ತು ಹನ್ನೆರಡು ದೋಸೆ ಹುಯ್ಯುತ್ತಾರೆ. ಎಣ್ಣೆಯೋ ಬೆಣ್ಣೆಯೋ ಬೀಳುತ್ತದೆ, ಕೆಂಪು ಚಟ್ನಿ ಸವರಿ ಆಲೂಗಡ್ಡೆ ಪಲ್ಯದ ಉಂಡೆ ಇಟ್ಟು ಮಡಚುತ್ತಾರೆ. ಒಬ್ಬೆಯೆಲ್ಲ ಒಟ್ಟಿಗೇ ಏಳುತ್ತದೆ. ಹೀಗಾಗಿ ದೋಸೆಗೆ ಕಾಯುವುದು ಸಾಲಿನ ಲೆಕ್ಕವಲ್ಲ, ಒಬ್ಬೆಯ ಲೆಕ್ಕ: ಹದಿಮೂರನೆಯವರಾಗಿ ನಿಂತಿರೋ, ಮುಂದಿನ ಕಾವಲಿಯವರೆಗೂ ಕಾಯಲೇಬೇಕು. ‘ಎರಡೇ ನಿಮಿಷ ಸಾರ್’ ಎಂಬ ಮಾತನ್ನು ಗಡಿಯಾರ ನೋಡಿ ಅಳೆಯುವುದು ಅನ್ಯಾಯ.

ಇಡ್ಲಿಯ ಹಬೆಯಲ್ಲೂ ಈ ಅವಸರ ಒಂದು ಎಡವಟ್ಟು ಮಾಡಿತು. ಇಡ್ಲಿ ತಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹುಯ್ಯುವುದು ಹಳೆಯ ಪದ್ಧತಿ. ಬಟ್ಟೆ ಒಗೆಯಬೇಕು, ಒಣಗಿಸಬೇಕು, ಅದಕ್ಕೊಬ್ಬ ಆಳು ಬೇಕು. ಕೆಲವು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಂದುಬಿಟ್ಟಿತ್ತು. 2025ರ ಫೆಬ್ರವರಿಯಲ್ಲಿ ಆರೋಗ್ಯ ಇಲಾಖೆ ಮಾದರಿಗಳನ್ನು ಪರೀಕ್ಷೆಗೆ ಒಳಪಡಿಸಿ, ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸುವುದನ್ನು ನಿಷೇಧಿಸುವುದಾಗಿ ಪ್ರಕಟಿಸಿತು. ಇದನ್ನು ತಿನ್ನುವವರು ತಾವೇ ಪತ್ತೆ ಮಾಡಬಹುದು. ಬಟ್ಟೆಯ ಇಡ್ಲಿಯ ತಳದಲ್ಲಿ ನೇಯ್ಗೆಯ ಸಣ್ಣ ಗುರುತು ಮೂಡಿರುತ್ತದೆ. ತಳ ಗಾಜಿನಷ್ಟು ನುಣುಪಾಗಿದ್ದರೆ ಅದು ಬರೀ ತಟ್ಟೆಗೆ ಎಣ್ಣೆ ಸವರಿ ಹುಯ್ದದ್ದೂ ಇರಬಹುದು, ಇಲ್ಲದೆಯೂ ಇರಬಹುದು. ಕೇಳಿದರೆ ತಪ್ಪೇನಿಲ್ಲ.

ಇನ್ನು ಕಾಫಿ. ದರ್ಶಿನಿಯ ಮರ್ಯಾದೆ ನಿಂತಿರುವುದು ಇದರ ಮೇಲೆ. ತಿಂಡಿ ಸುಮಾರಾಗಿದ್ದರೂ ಕಾಫಿ ಚೆನ್ನಾಗಿದ್ದರೆ ಜನ ಮರುದಿನವೂ ಬರುತ್ತಾರೆ. ಕಾಫಿ ಕೌಂಟರಿನವನ ಮುಂದೆ ಲೋಟಗಳ ಸಾಲು, ಒಂದು ಕಡೆ ಡಿಕಾಕ್ಷನ್, ಇನ್ನೊಂದು ಕಡೆ ಸದಾ ಕುದಿಯುತ್ತಿರುವ ಹಾಲು. ‘ಸ್ಟ್ರಾಂಗ್’ ಎಂದರೆ ಡಿಕಾಕ್ಷನ್ ಇನ್ನರ್ಧ ಸೌಟು, ‘ಲೈಟ್’ ಎಂದರೆ ಅಷ್ಟು ಕಮ್ಮಿ, ‘ಸಕ್ಕರೆ ಬೇರೆ’ ಎಂದರೆ ಅವನ ಲಯವೇ ತಪ್ಪುತ್ತದೆ. ಹೋಟೆಲ್ ಕಾಫಿ ಮನೆಯ ಕಾಫಿಗಿಂತ ಗಟ್ಟಿಯಾಗಿ, ಕಪ್ಪಾಗಿ ಕಾಣುವುದಕ್ಕೆ ಮುಖ್ಯ ಕಾರಣ ಚಿಕೋರಿ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಅಂದರೆ ಉಳಿದ 49ರವರೆಗೂ ಚಿಕೋರಿ ಹಾಕುವುದು ಕಾನೂನುಬದ್ಧವೇ. ಚಿಕೋರಿಯನ್ನು ಕಲಬೆರಕೆ ಎಂದು ಹೀಗಳೆಯುವ ಶುದ್ಧ ಕಾಫಿವಾದಿಗಳ ಜತೆ ನಾನಿಲ್ಲ. ಹಾಲು ಇಷ್ಟು ಸುರಿಯುವ ಕಾಫಿಗೆ ಮೈ ಕೊಡುವುದು ಅದೇ.

ಕಾಫಿಯ ಬೆಲೆ ಏರಿದಾಗಲೆಲ್ಲ ಹಾಲಿನ ಕಡೆ ಬೆರಳು ತೋರಿಸುವುದು ರೂಢಿ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಸರಿ. ಆದರೆ ಒಂದು ಲೋಟ ಹೋಟೆಲ್ ಕಾಫಿಗೆ ಹೋಗುವ ಹಾಲು ಸುಮಾರು 75 ಮಿಲಿಲೀಟರ್ ಎಂದುಕೊಂಡರೆ ಲೀಟರಿಗೆ ಹದಿಮೂರು ಕಾಫಿ. 4 ರೂಪಾಯಿಯನ್ನು ಹದಿಮೂರರಿಂದ ಭಾಗಿಸಿ: ಕಾಫಿಗೆ ಮೂವತ್ತು ಪೈಸೆ. ಹಾಗಾದರೆ ಬೋರ್ಡಿನಲ್ಲಿ ಎರಡು ಮೂರು ರೂಪಾಯಿ ಏರಿದ್ದೇಕೆ? ಮಾಲೀಕರ ದುರಾಸೆ ಎಂದು ಮುಗಿಸಿಬಿಡಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಅದೇ ಹೊತ್ತಿನಲ್ಲಿ ಕಾಫಿ ಬೀಜದ ಬೆಲೆ ಜಗತ್ತಿನ ಮಾರುಕಟ್ಟೆಯಲ್ಲಿ ದಾಖಲೆ ಮುಟ್ಟಿತ್ತು. ಬ್ರೆಜಿಲ್ಲಿನಲ್ಲೂ ವಿಯೆಟ್ನಾಂನಲ್ಲೂ ಬರ ಬಿದ್ದು ಬೆಳೆ ಕೈಕೊಟ್ಟಿತ್ತು. ದೇಶದ ಕಾಫಿಯ ಸುಮಾರು ಶೇ. 70 ಬೆಳೆಯುವುದು ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನದಲ್ಲೇ. ಆದರೆ ಬೆಳೆದದ್ದರ ಬಹುಪಾಲು ಹಡಗು ಹತ್ತುವುದರಿಂದ ನಮ್ಮ ಊರಿನ ಬೀಜಕ್ಕೂ ಹೊರಗಿನ ದರವೇ ದರ. ಬಹಳ ವರ್ಷ ನಷ್ಟ ಉಂಡಿದ್ದ ಬೆಳೆಗಾರರ ಮುಖದಲ್ಲಿ ಆ ವರ್ಷ ಗೆಲುವಿತ್ತು. ಅದರ ಒಂದು ಪಾಲನ್ನು ಬಸವನಗುಡಿಯಲ್ಲಿ ಲೋಟ ಹಿಡಿದು ನಿಂತವರು ಕೊಟ್ಟರು. ನನಗೆ ಇದರಲ್ಲಿ ತಕರಾರಿಲ್ಲ. ಮತ್ತೊಂದು ಕಾರಣ ತೀರಾ ಸಣ್ಣದು. ಗಲ್ಲಾದಲ್ಲಿ ಮೂವತ್ತು ಪೈಸೆ ಎಂಬ ನಾಣ್ಯವೇ ಇಲ್ಲ. ಹೋಟೆಲ್ ದರ ಇಳಿಜಾರಿನಲ್ಲಿ ಏರದೆ ಮೆಟ್ಟಿಲಿನಲ್ಲಿ ಏರುತ್ತದೆ. ಎರಡು ವರ್ಷ ನುಂಗಿಕೊಂಡದ್ದನ್ನೆಲ್ಲ ಒಂದು ದಿನ ಒಟ್ಟಿಗೆ ಬೋರ್ಡಿಗೆ ಬರೆಯುತ್ತಾರೆ.

ಬರೆದ ದಿನ ಅದು ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಷರ್ಟಿನ ಬೆಲೆ ನೂರು ರೂಪಾಯಿ ಏರಿದರೆ ಯಾರೂ ಬರೆಯುವುದಿಲ್ಲ, ಇಡ್ಲಿಗೆ ಎರಡು ರೂಪಾಯಿ ಏರಿದರೆ ಮುಖಪುಟ. ಹೋಟೆಲ್ ತಿಂಡಿಯ ದರವನ್ನು ಈ ಊರು ಯಾವಾಗಲೂ ತನ್ನ ಹಕ್ಕು ಎಂದೇ ಭಾವಿಸಿದೆ, ಸರ್ಕಾರವೂ ಹಾಗೇ ಭಾವಿಸಿದ ಕಾಲವಿತ್ತು. ತುರ್ತು ಪರಿಸ್ಥಿತಿಯ ಹೊತ್ತಿನಲ್ಲಿ ಹೋಟೆಲ್ಲುಗಳು ಇಂಥ ದರಕ್ಕೇ ಮಾರಬೇಕೆಂದು ಆದೇಶ ಬಂತು. ಎಂಟಿಆರ್ ಆ ದರಕ್ಕೆ ತನ್ನ ಗುಣಮಟ್ಟದ ತಿಂಡಿ ಕೊಡಹೋಗಿ ನಷ್ಟಕ್ಕೆ ಬಿತ್ತು, ಕೊನೆಗೆ ಹೋಟೆಲ್ಲಿಗೇ ಬೀಗ ಹಾಕಿತು. ಕೆಲಸದವರನ್ನು ಉಳಿಸಿಕೊಳ್ಳಲು ರವೆ ಇಡ್ಲಿಯಂಥ ತಿಂಡಿಗಳ ಸಿದ್ಧ ಹಿಟ್ಟು, ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರಲು ಹೊರಟಿತು. ಹೋಟೆಲ್ ಮತ್ತೆ ತೆರೆಯಿತು, ಪೊಟ್ಟಣದ ವ್ಯಾಪಾರ ಅದಕ್ಕಿಂತ ದೊಡ್ಡದಾಗಿ ಬೆಳೆಯಿತು. 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಎಂಟಿಆರ್ ಫುಡ್ಸನ್ನು ಕೊಂಡಿತು, ಹೋಟೆಲ್ಲು ಮಾತ್ರ ಮಯ್ಯ ಕುಟುಂಬದ ಕೈಯಲ್ಲೇ ಉಳಿಯಿತು. ದರಪಟ್ಟಿಯ ಮೇಲೆ ಸರ್ಕಾರ ಕೈಯಿಟ್ಟಿದ್ದರಿಂದ ಇಡ್ಲಿಯೇನೂ ಅಗ್ಗವಾಗಲಿಲ್ಲ. ಇಡ್ಲಿ ಹಿಟ್ಟು ಮಾತ್ರ ಅಂಗಡಿ ಸೇರಿತು.

ಅಗ್ಗದ ತಿಂಡಿ ಬೇಕೇ ಬೇಕು ಎಂದರೆ ಯಾರಾದರೂ ದುಡ್ಡು ತುಂಬಿಕೊಡಬೇಕು. 2017ರ ಆಗಸ್ಟ್ 16ರಂದು ಶುರುವಾದ ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಅಲ್ಲಿಯೂ ನಿಂತೇ ತಿನ್ನಬೇಕು, ದರ್ಶಿನಿಯದೇ ನಕ್ಷೆ. ಉಳಿದ ಖರ್ಚು ಸರ್ಕಾರದ ಬೊಕ್ಕಸದ್ದು. ಕ್ಯಾಂಟೀನನ್ನು ತೋರಿಸಿ ಪಕ್ಕದ ದರ್ಶಿನಿಯವರಿಗೆ ‘ಅವರು ಐದಕ್ಕೆ ಕೊಡುತ್ತಾರೆ, ನೀವ್ಯಾಕೆ ಕೊಡುವುದಿಲ್ಲ’ ಎನ್ನುವುದು ಹೋಲಿಕೆಯಲ್ಲ.

ತೆರಿಗೆಯ ಕತೆಯನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ, ಇದು ಗೊತ್ತಿಲ್ಲದೆ ಗಲ್ಲಾದಲ್ಲಿ ಜಗಳವಾಡುವವರು ಬಹಳ. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲ್ಲುಗಳ ಜಿಎಸ್‌ಟಿ ಶೇ. 5. ಕೇಳಲು ಕಮ್ಮಿ. ಆದರೆ ಇದು ಹೂಡುವಳಿ ತೆರಿಗೆ ಜಮೆ ಇಲ್ಲದ 5. ಹೋಟೆಲಿನವರು ವಾಣಿಜ್ಯ ಗ್ಯಾಸ್ ಸಿಲಿಂಡರಿಗೆ ಶೇ. 18 ಕಟ್ಟುತ್ತಾರೆ, ಅಂಗಡಿ ಬಾಡಿಗೆಯ ಮೇಲೂ ಸಾಮಾನ್ಯವಾಗಿ ಶೇ. 18 ಬೀಳುತ್ತದೆ; ಬೇರೆ ವ್ಯಾಪಾರದಲ್ಲಿ ಹೀಗೆ ಕಟ್ಟಿದ್ದನ್ನು ಕೊನೆಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಇಲ್ಲಿ ಆಗದು. ಅದು ಸದ್ದಿಲ್ಲದೆ ದೋಸೆಯ ಬೆಲೆಯೊಳಗೆ ಸೇರುತ್ತದೆ. ಇನ್ನು ಚಿಕ್ಕ ಹೋಟೆಲ್ಲುಗಳು ಕಾಂಪೊಸಿಷನ್ ಯೋಜನೆಯಲ್ಲಿರಬಹುದು. ಅಂಥವರು ತಮ್ಮ ತೆರಿಗೆಯನ್ನು ತಾವೇ ಕಟ್ಟಬೇಕು, ಗಿರಾಕಿಯ ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಬೇರೆ ಸಾಲು ಹಾಕುವಂತಿಲ್ಲ. ತಾವು ಆ ಯೋಜನೆಯಲ್ಲಿರುವುದನ್ನು ಬೋರ್ಡು, ಬಿಲ್ಲು ಎರಡರಲ್ಲೂ ನಮೂದಿಸಿರಬೇಕು. ಸರ್ವಿಸ್ ಚಾರ್ಜ್ ತೆರಿಗೆಯೇ ಅಲ್ಲ. ಅದನ್ನು ಕಡ್ಡಾಯವಾಗಿ ಬಿಲ್ಲಿಗೆ ಸೇರಿಸಕೂಡದು ಎಂಬ 2022ರ ಗ್ರಾಹಕ ಪ್ರಾಧಿಕಾರದ ಮಾರ್ಗಸೂಚಿಯನ್ನು 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿದಿದೆ. ತಟ್ಟೆ ನಾವೇ ಹೊರುವ ದರ್ಶಿನಿಯಲ್ಲಿ ಆ ಪ್ರಶ್ನೆ ಏಳುವುದಿಲ್ಲ.

ಗಲ್ಲಾದವರ ಹಳೆಯ ತಲೆನೋವು ಚಿಲ್ಲರೆ. ‘ಐದು ರೂಪಾಯಿ ಚೇಂಜ್ ಇದ್ರೆ ಕೊಡಿ ಸಾರ್’ ಎಂಬ ಮಾತಿಲ್ಲದೆ ಬೆಳಗು ಆಗುತ್ತಿರಲಿಲ್ಲ. ಕ್ಯುಆರ್ ಕೋಡ್ ಬಂದು ಅದು ಇಳಿಯಿತು. ಈಗ ಗಲ್ಲಾದ ಪಕ್ಕದ ಪುಟ್ಟ ಡಬ್ಬಿ ಎಷ್ಟು ದುಡ್ಡು ಬಂತೆಂದು ಕನ್ನಡದಲ್ಲೇ ಕೂಗುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಲ್ಲಿ ಕ್ಯುಆರ್ ಹಾಳೆ ಕಿತ್ತು ‘ಕ್ಯಾಶ್ ಮಾತ್ರ’ ಎಂಬ ಬೋರ್ಡುಗಳು ಬಂದಿದ್ದು ನೆನಪಿರಬಹುದು. ಊರಿಗೆ ಊರೇ ಮತ್ತೆ ಜೇಬಿನಲ್ಲಿ ನಾಣ್ಯ ಹುಡುಕಿತು.

ದರ್ಶಿನಿಯಲ್ಲಿ ಆಟೊ ಚಾಲಕರು, ಸಾಫ್ಟ್‌ವೇರಿನವರು, ವಾಕಿಂಗ್ ಮುಗಿಸಿದ ನಿವೃತ್ತರು ಎಲ್ಲರೂ ಒಂದೇ ಟೇಬಲ್ಲಿಗೆ ಮೊಣಕೈ ಊರಿ ತಿನ್ನುತ್ತಾರೆ, ಇದು ಸಮಾನತೆಯ ಜಾಗ ಎಂದು ಬರೆಯುವುದು ನಮ್ಮ ಅಂಕಣಕಾರರಿಗೆ ಬಲು ಇಷ್ಟ. ಅದರಲ್ಲಿ ಅರ್ಧ ನಿಜವಿದೆ. ಬ್ರಾಹ್ಮಣ ಕಾಫಿ ಕ್ಲಬ್ ಎಂದು ಜಾತಿಯನ್ನು ಬೋರ್ಡಿನಲ್ಲೇ ಬರೆಯುತ್ತಿದ್ದ ಕಾಲದಿಂದ, ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ನೋಡಲೂ ಪುರುಸೊತ್ತಿಲ್ಲದ ಕಾಲಕ್ಕೆ ಬಂದದ್ದು ಸಣ್ಣ ದೂರವಲ್ಲ. ಆದರೆ ಬೀದಿ ಗುಡಿಸಿ ಬಂದ ಪೌರಕಾರ್ಮಿಕ ಹೆಂಗಸರು ಒಳಗೆ ಬಂದು ಆ ಟೇಬಲ್ಲಿಗೆ ಮೊಣಕೈ ಊರುವುದನ್ನು ಎಷ್ಟು ಸಲ ನೋಡಿದ್ದೀರಿ? ಹೆಚ್ಚಾಗಿ ಅವರು ಪಾರ್ಸೆಲ್ ಕಟ್ಟಿಸಿಕೊಂಡು ಮರದಡಿ ಕೂರುತ್ತಾರೆ. ಯಾರೂ ತಡೆಯುವುದಿಲ್ಲ, ನಿಜ. ಯಾರೂ ಕರೆಯುವುದೂ ಇಲ್ಲ.

ದರ್ಶಿನಿ ನಿಜಕ್ಕೂ ಬಾಗಿಲು ತೆರೆದದ್ದು ಒಂಟಿಯಾಗಿ ತಿನ್ನುವ ಹೆಂಗಸರಿಗೆ. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹಳೆಯ ಹೋಟೆಲ್ಲುಗಳಲ್ಲಿ ಪರದೆ ಎಳೆದ ಫ್ಯಾಮಿಲಿ ರೂಮ್ ಇರುತ್ತಿತ್ತು. ಹೆಣ್ಣು ಒಬ್ಬಳೇ ಬಂದರೆ ಎಲ್ಲಿ ಕೂರಿಸಬೇಕೆಂಬ ಗೊಂದಲ ಸಪ್ಲೈಯರಿಗೆ, ಹಾಲಿನ ನಡುವೆ ಕೂತರೆ ನೂರು ಕಣ್ಣು. ಕುರ್ಚಿಯೇ ಇಲ್ಲದ ಕಡೆ ಕೂರಿಸುವ ಪ್ರಶ್ನೆಯಿಲ್ಲ. ಬಸ್ಸಿಳಿದು ಆಫೀಸಿಗೆ ಹೋಗುವ ಮುಂಚೆ ಹತ್ತು ನಿಮಿಷದಲ್ಲಿ ಇಡ್ಲಿ ವಡೆ, ಒಂದು ಕಾಫಿ ಮುಗಿಸಿ ಬ್ಯಾಗು ಹೆಗಲಿಗೇರಿಸಿ ಹೊರಡುವ ಹುಡುಗಿಯ ಕಡೆ ತಿರುಗಿ ನೋಡಲು ಅಲ್ಲಿ ಯಾರಿಗೂ ಬಿಡುವಿಲ್ಲ.

ಕುರ್ಚಿ ತೆಗೆದವರು ನಿಲ್ಲಲಾರದವರನ್ನೂ ತೆಗೆದರು. ಮಂಡಿ ನೋವಿನ ಅಜ್ಜಿ, ತುಂಬಿದ ಬಸುರಿ, ಊರುಗೋಲಿನವರು, ಎದೆಮಟ್ಟದ ಟೇಬಲ್ಲಿಗೆ ಕೈ ನಿಲುಕದ ಮಕ್ಕಳು, ಗಾಲಿಕುರ್ಚಿಯವರು. ಬಹಳ ಕಡೆ ಮೂಲೆಯಲ್ಲಿ ಗೋಡೆಗೊರಗಿಸಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಇಟ್ಟಿರುತ್ತಾರೆ, ಅದರ ಮೇಲೆ ಯಾವಾಗಲೂ ಇಪ್ಪತ್ತೈದರ ಯುವಕರು ಮೊಬೈಲ್ ನೋಡುತ್ತ ಕೂತಿರುತ್ತಾರೆ. ‘ಹಿರಿಯರಿಗೆ ಮಾತ್ರ’ ಎಂದು ಒಂದು ಚೀಟಿ ಅಂಟಿಸುವುದಕ್ಕೆ ಖರ್ಚೇನೂ ಇಲ್ಲ.

ಕೌಂಟರಿನ ಆಚೆ ಬದಿಯ ಜನರೂ ಬದಲಾಗಿದ್ದಾರೆ. ಒಂದು ಕಾಲಕ್ಕೆ ಉಡುಪಿ, ಕುಂದಾಪುರದ ಕಡೆಯ ಹುಡುಗರು ಕಪ್ಪು ತೊಳೆಯುವುದರಿಂದ ಶುರುಮಾಡಿ, ಸಪ್ಲೈಯರ್ ಆಗಿ, ಗಲ್ಲಾಕ್ಕೆ ಬಂದು, ಕೊನೆಗೆ ತಮ್ಮದೇ ಹೋಟೆಲ್ ಹಾಕುವುದೊಂದು ದಾರಿಯಿತ್ತು. ಊರಿನ ಅರ್ಧ ಹೋಟೆಲ್ಲುಗಳ ಮಾಲೀಕರ ಕತೆ ಅದೇ. ಕರಾವಳಿಯ ಮಕ್ಕಳು ಓದಿ ಬೇರೆ ಕೆಲಸ ಹಿಡಿದರು, ಒಳ್ಳೆಯದೇ ಆಯಿತು. ಈಗ ಪಾತ್ರೆ ತೊಳೆಯುವ ಜಾಗದಲ್ಲಿ ಉತ್ತರ ಕರ್ನಾಟಕದವರು, ಒಡಿಶಾದವರು, ಬಂಗಾಳ, ಅಸ್ಸಾಂ, ನೇಪಾಳದವರು. ‘ಒಂದ್ ಮಸಾಲೆ, ಎರಡ್ ಇಡ್ಲಿ, ಒಂದ್ ಖಾಲಿ’ ಎಂದು ಅಸ್ಸಾಮಿನ ಹುಡುಗ ಕೂಗುವ ಕನ್ನಡ ಒಂದು ತಿಂಗಳಲ್ಲಿ ಕಲಿತದ್ದು. ಆದರೆ ಅವನು ಮುಂದೆ ಗಲ್ಲಾದಲ್ಲಿ ಕೂತು ಇಲ್ಲೇ ಒಂದು ಹೋಟೆಲ್ ಹಾಕುತ್ತಾನೆಯೇ? ಬೆಂಗಳೂರಿನ ಅಂಗಡಿಗೆ ಕೊಡಬೇಕಾದ ಮುಂಗಡ ಹಣ ನೋಡಿದರೆ ಕಷ್ಟ. ಆ ಹಳೆಯ ಏಣಿಯ ಮೇಲಿನ ಮೆಟ್ಟಿಲುಗಳು ಈಗ ಬಹಳ ಎತ್ತರದಲ್ಲಿವೆ.

ನೆಲದ ಬೆಲೆಯ ಮುಂದೆ ದೊಡ್ಡವರೂ ನಿಲ್ಲಲಾಗುತ್ತಿಲ್ಲ. ಮಲ್ಲೇಶ್ವರದ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ ಸುಮಾರು ಏಳು ದಶಕ ನಡೆದು 2023ರ ಡಿಸೆಂಬರಿನಲ್ಲಿ ಮುಚ್ಚಿತು. ಅಂಥ ರಸ್ತೆಯಲ್ಲಿ ಅಷ್ಟು ಅಗಲದ ಹಾಲಿನಲ್ಲಿ ಜನರನ್ನು ಕೂರಿಸಿ ತಿಂಡಿ ಮಾರಿ ಬರುವ ಆದಾಯವನ್ನೂ, ಆ ನಿವೇಶನಕ್ಕೆ ಇವತ್ತು ಸಿಗುವ ಬೆಲೆಯನ್ನೂ ಪಕ್ಕಪಕ್ಕ ಬರೆದರೆ ಯಾವ ಹೋಟೆಲ್ ಮಾಲೀಕನಿಗೂ ನಿದ್ದೆ ಬಾರದು. ಇನ್ನೊಂದು ಕಡೆ 2021ರಲ್ಲಿ ಇಂದಿರಾನಗರದಲ್ಲಿ ಶುರುವಾದ ರಾಮೇಶ್ವರಂ ಕೆಫೆಯಂಥವು ದರ್ಶಿನಿಯ ನಕ್ಷೆಯನ್ನೇ ಇಟ್ಟುಕೊಂಡು ಲೆಕ್ಕ ತಿರುವುಮುರುವು ಮಾಡಿವೆ. ಅಲ್ಲಿಯೂ ನಿಂತು ತಿನ್ನುವುದೇ. ಆದರೆ ತುಪ್ಪ ಧಾರಾಳ, ದರವೂ ಮಾಮೂಲಿ ದರ್ಶಿನಿಗಿಂತ ಬಹಳ ಮೇಲೆ. ಬರುವವರು ಅವಸರದವರಲ್ಲ, ಸಾಲು ನಿಂತು, ಫೋಟೊ ತೆಗೆದು, ದೂರದಿಂದ ಕ್ಯಾಬ್ ಮಾಡಿಕೊಂಡು ಬಂದವರು. ಜಯನಗರದಲ್ಲಿ ದುಡ್ಡು ಉಳಿಸಲು ಕಲಿತ ನಿಲುವು ನಲವತ್ತು ವರ್ಷಕ್ಕೆ ದುಡ್ಡು ಕೊಟ್ಟು ಪಡೆಯುವ ಅನುಭವವಾಗಿದೆ. ಚೆನ್ನಾಗಿಯೇ ಮಾರಾಟವಾಗುತ್ತಿದೆ, ಅದರ ಬಗ್ಗೆ ಮುಖ ಸಿಂಡರಿಸಲು ನನಗೆ ಕಾರಣ ಕಾಣುತ್ತಿಲ್ಲ. ನನ್ನ ಚಿಂತೆ ಬೀದಿ ಕೊನೆಯ ಮಾಮೂಲಿ ದರ್ಶಿನಿಯದು.

ಅದರ ಮುಂದೆ ಈಗ ಮತ್ತೊಂದು ಸಾಲು ಸೇರಿದೆ: ಹೆಲ್ಮೆಟ್ ತೆಗೆಯದೆ ಮೊಬೈಲ್ ಪರದೆಯನ್ನೇ ಟೋಕನ್ನಿನಂತೆ ತೋರಿಸುವ ಡೆಲಿವರಿಯವರು. ಆಪ್ ಕಂಪನಿಯ ಕಮಿಷನ್, ಡಬ್ಬಿ, ಚಮಚ ಎಲ್ಲದರ ಖರ್ಚು ಸೇರಿ ಆಪಿನಲ್ಲಿ ಅದೇ ಇಡ್ಲಿಯ ದರ ಬೋರ್ಡಿನ ದರಕ್ಕಿಂತ ಹೆಚ್ಚಿರುವುದು ಈಗ ಮಾಮೂಲು. ಮಾಲೀಕರಿಗೆ ಇದರಲ್ಲಿ ಒಂದು ಅನುಕೂಲವೂ ಇದೆ. ಡಬ್ಬಿಯಲ್ಲಿ ಹೋದ ಇಡ್ಲಿಗೆ ನಿಲ್ಲುವ ಜಾಗವೂ ಬೇಡ, ತಟ್ಟೆ ತೊಳೆಯುವ ನೀರೂ ಬೇಡ. 2024ರ ಬೇಸಿಗೆಯಲ್ಲಿ ಕಾವೇರಿ ನೀರಿಗೆ ತತ್ವಾರವಾಗಿ, ಬೋರ್‌ವೆಲ್ ಬತ್ತಿ, ಟ್ಯಾಂಕರ್ ದರ ಗಗನಕ್ಕೇರಿದಾಗ ಎಷ್ಟೋ ಹೋಟೆಲ್ಲುಗಳು ಸ್ಟೀಲ್ ತಟ್ಟೆ ಬಿಟ್ಟು ಬಿಸಾಡುವ ತಟ್ಟೆ ಹಿಡಿದವು. ಆಗ ಪಾರ್ಸೆಲ್ ಗಿರಾಕಿಯೇ ಲೇಸು ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ತಿಂಡಿಗಳೆಲ್ಲ ಪ್ರಯಾಣಕ್ಕೆ ಒಗ್ಗುವುದಿಲ್ಲ. ಇಡ್ಲಿ ಒಗ್ಗುತ್ತದೆ, ಬಿಸಿಬೇಳೆಬಾತ್ ಅರ್ಧ ಗಂಟೆ ಡಬ್ಬಿಯಲ್ಲಿದ್ದರೆ ಇನ್ನಷ್ಟು ಹದವಾಗುತ್ತದೆ, ಖಾರಾಬಾತ್ ಸ್ವಲ್ಪ ಬಿಗಿಯಾಗುತ್ತದೆ ಅಷ್ಟೆ. ವಡೆ ಮೆತ್ತಗಾಗುತ್ತದೆ, ಸಾಂಬಾರಿಗೆ ಅದ್ದಿಕೊಂಡರೆ ಮಾನ ಉಳಿಯುತ್ತದೆ. ಮಸಾಲೆ ದೋಸೆಯನ್ನು ಮುಚ್ಚಳದಡಿ ಕೂಡಿಹಾಕಿದರೆ ತನ್ನ ಹಬೆಯಲ್ಲೇ ತಾನು ನೆನೆದು, ಮನೆ ತಲುಪುವಷ್ಟರಲ್ಲಿ ಚಪಾತಿಯ ತಮ್ಮನಾಗಿರುತ್ತದೆ. ಒಂದು ಸ್ಟಾರ್ ಕೊಟ್ಟು ಹೋಟೆಲಿನವರನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಉಳಿದದ್ದನ್ನು ಬೇಕಾದರೆ ತರಿಸಿಕೊಳ್ಳಿ, ದೋಸೆಗೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು ನೀವೇ ಹೋಗಿ. ಒಂಬತ್ತು ಗಂಟೆಯ ನೂಕುನುಗ್ಗಲು ಬೇಡವೆಂದರೆ ಸಂಜೆ ನಾಲ್ಕೂವರೆಗೆ ಹೋಗಿ, ಕಾವಲಿ ಆಗತಾನೆ ಕಾದಿರುತ್ತದೆ.